10 ಲೀಟರ್ ಕೇಸು, 40 ಡಿಗ್ರಿ ರೂಮು: 7700ಎಕ್ಸ್ ಸಿಪಿಯು ಐದೇ ನಿಮಿಷಕ್ಕೆ 95 ಮುಟ್ಟುತ್ತಿದೆ

ಬಿಸಿಲೂರಾವ:

ಎಲ್ಲಾರಿಗೂ ನಮಸ್ಕಾರ. ಊರು ಕಲಬುರಗಿ, ರೂಮಿನಾಗ ಎಸಿ ಇಲ್ಲ. ಮಧ್ಯಾಹ್ನ ಟೇಬಲ್ ಮ್ಯಾಲಿನ ಥರ್ಮಾಮೀಟರ್ 39–40 ತೋರಸ್ತದ. ಹಿಂಗ ಜೋಡಿಸೀನಿ:

ಕೇಸು: ಫ್ರಾಕ್ಟಲ್ ಟೆರ್ರಾ, 10.4 ಲೀಟರ್
ಸಿಪಿಯು: ರೈಜೆನ್ 7 7700ಎಕ್ಸ್, ಬಯಾಸ್‌ನಾಗ (ಬೋರ್ಡಿನ ಮೂಲ ಸೆಟ್ಟಿಂಗ್ ಪುಟ) ಏನೂ ಮುಟ್ಟಿಲ್ಲ
ಕೂಲರ್: ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47, ಪೂರ್ತಿ ತಾಮ್ರದ್ದು
ಬೋರ್ಡು: ಬಿ650 ಮಿನಿ-ಐಟಿಎಕ್ಸ್, ಎಂ.2 ಎಸ್‌ಎಸ್‌ಡಿ ಮುಂದೊಂದು, ಬೆನ್ನಿಗೊಂದು
ಗ್ರಾಫಿಕ್ಸ್ ಕಾರ್ಡು: ಆರ್‌ಟಿಎಕ್ಸ್ 4070, ಎರಡು ಸ್ಲಾಟು, ಅಳತಿ ಮಾಡಿದ್ರ 40 ಮಿಮೀ ದಪ್ಪ
ರ್ಯಾಮ್: 16ರ ಎರಡು, ಡಿಡಿಆರ್5-6000, ಗಿಡ್ಡ ಪಟ್ಟಿ
ಪವರ್ ಸಪ್ಲೈ: 750 ವಾಟ್ ಎಸ್‌ಎಫ್‌ಎಕ್ಸ್
ತಳದಾಗ: 120 ಮಿಮೀ ತೆಳು ಫ್ಯಾನು ಒಂದು, ಗಾಳಿ ಒಳಗ ಊದೂ ಹಂಗ
ನಡುವಿನ ಸ್ಪೈನ್ (ಬೋರ್ಡಿಗೂ ಕಾರ್ಡಿಗೂ ನಡುವ ಇರೂ, ಅತ್ಲಾಗ ಇತ್ಲಾಗ ಸರಿಸೂ ತಗಡು): ಸರೀ ಮಧ್ಯಕ್ಕಿಟ್ಟೀನಿ

ಸುಮ್ನ ಇದ್ದಾಗ ಸಿಪಿಯು 56–58. ಗೇಮ್ ಹಚ್ಚಿ ಐದು ನಿಮಿಷಕ್ಕ 95 ಮುಟ್ಟಿ ಅಲ್ಲೇ ನಿಂತುಬಿಡ್ತದ. ಕೂಲರ್ ಫ್ಯಾನು ಪೂರ್ತಿ ಓಡ್ತದ, ಹೇರ್ ಡ್ರೈಯರ್ ಹಚ್ಚಿದಂಗ ಸಪ್ಪಳ. ಕಾರ್ಡು 81, ಬೆನ್ನಿನ ಎಸ್‌ಎಸ್‌ಡಿ 79. ಸಿಪಿಯು ಕಡೆ ಪ್ಯಾನೆಲ್ ತಗದಿಟ್ರ 86ಕ್ಕ ಇಳೀತದ.

ಕೇಳೂದು ಇಷ್ಟ. 95 ಇದ್ರ ಸಿಪಿಯು ಹಾಳಾಗ್ತದೇನು? ಕೂಲರ್ ಬದಲಿ ಮಾಡ್ಬೇಕೋ, ಸೆಟ್ಟಿಂಗ್‌ನಾಗೇ ಆಗ್ತದೋ? ತಳದ ಫ್ಯಾನ್ ಒಳಗ ಊದ್ಬೇಕೋ ಹೊರಗ ಎಳೀಬೇಕೋ? ಅಂಗಡಿಯವ್ರು “ಈ ಊರಾಗ ಸಣ್ಣ ಕೇಸು ನಡ್ಯಂಗಿಲ್ಲ, ದೊಡ್ಡದು ತಗೋರಿ” ಅಂದ್ರು. ಟೇಬಲ್ ಸಣ್ಣದದ, ಕೇಸು ಬದಲಿ ಮಾಡೂ ಮನಸ್ಸಿಲ್ಲ.

ವಾಟ್_ಲೆಕ್ಕ:

ಮೊದಲು ಭಯದ ಮಾತು. 7700ಎಕ್ಸ್‌ಗೆ 95 ಡಿಗ್ರಿ ಎಎಂಡಿಯೇ ಹಾಕಿರುವ ಗಡಿ. ಅಲ್ಲಿಗೆ ಬಂದ ಮೇಲೆ ಚಿಪ್ ತಾನೇ ವೇಗ ಇಳಿಸಿಕೊಂಡು ಅಲ್ಲೇ ನಿಲ್ಲುತ್ತದೆ, ಸುಡುವುದಿಲ್ಲ. ಆದರೆ ಗೇಮ್ ಆಡುವಾಗ 95 ಬಂದರೆ ಅದನ್ನು ಸಹಜ ಎಂದು ಬಿಡುವ ಹಾಗಿಲ್ಲ.

ಕಾರಣ ಇದು. 7700ಎಕ್ಸ್‌ನ ಟಿಡಿಪಿ, ಅಂದರೆ ಹೆಸರಿಗೆ ಹೇಳುವ ಬಿಸಿಯ ಲೆಕ್ಕ, 105 ವಾಟ್ ಎಂದು ಬರೆದಿದ್ದರೂ ಅದಕ್ಕೆ ನಿಜವಾಗಿ ಸಿಗುವ ಮಿತಿ, ಅಂದರೆ ಪಿಪಿಟಿ, 142 ವಾಟ್. ರೆಂಡರಿಂಗ್, ಕಂಪೈಲಿಂಗ್ ಕೊಟ್ಟರೆ ಅದು 142ರವರೆಗೂ ಹೋಗಲು ನೋಡುತ್ತದೆ. 47 ಮಿಮೀ ಎತ್ತರದ, 92 ಮಿಮೀ ಫ್ಯಾನಿನ ಕೂಲರ್‌ಗೆ 40 ಡಿಗ್ರಿ ರೂಮಿನಲ್ಲಿ ಅಷ್ಟನ್ನು ಹೊರಹಾಕಲು ಆಗುವುದೇ ಇಲ್ಲ. ಆದರೆ ಗೇಮಿನಲ್ಲಿ ಈ ಚಿಪ್ ಸಾಮಾನ್ಯವಾಗಿ 60ರಿಂದ 90 ವಾಟ್ ಒಳಗೇ ಇರುತ್ತದೆ. ಅಷ್ಟಕ್ಕೇ 95 ಬರುತ್ತಿದೆ, ಪ್ಯಾನೆಲ್ ತೆಗೆದರೆ 9 ಡಿಗ್ರಿ ಇಳಿಯುತ್ತಿದೆ ಅಂದರೆ ನಿಮಗಿರುವುದು ಎರಡು ರೋಗ: ವಾಟ್ ಒಂದು, ಗಾಳಿ ಇನ್ನೊಂದು. ಗಾಳಿಯ ಬಗ್ಗೆ ಬೇರೆಯವರು ಬರೆಯಲಿ, ನಾನು ವಾಟ್ ನೋಡಿಕೊಳ್ಳುತ್ತೇನೆ.

ಬಯಾಸ್‌ನಲ್ಲಿ ಅಡ್ವಾನ್ಸ್‌ಡ್, ಅದರೊಳಗೆ ಎಎಂಡಿ ಓವರ್‌ಕ್ಲಾಕಿಂಗ್, ಎಚ್ಚರಿಕೆಯ ಪುಟಕ್ಕೆ ಒಪ್ಪಿಗೆ, ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅಲ್ಲಿ ಅಡ್ವಾನ್ಸ್‌ಡ್ ಆರಿಸಿ. ಲಿಮಿಟ್ಸ್ ಎಂಬಲ್ಲಿ ಮ್ಯಾನ್ಯುಯಲ್. ಪಿಪಿಟಿ 88, ಟಿಡಿಸಿ 75, ಇಡಿಸಿ 150 (ಕೊನೆಯ ಎರಡು ಕರೆಂಟಿನ ಮಿತಿ, ಆಂಪ್ ಲೆಕ್ಕದಲ್ಲಿ). ಈ ಮೆನುವಿನಲ್ಲಿ ಸಂಖ್ಯೆ ಮಿಲಿವಾಟ್, ಮಿಲಿಆಂಪ್ ಲೆಕ್ಕದಲ್ಲಿರುವುದೇ ಹೆಚ್ಚು, ಹಾಗಾಗಿ 88000, 75000, 150000 ಎಂದು ಬರೆಯಬೇಕಾಗುತ್ತದೆ. ಸೊನ್ನೆ ಮರೆತು 88 ಅಂತಲೇ ಹಾಕಿ “ಕಂಪ್ಯೂಟರ್ ಆಮೆ ಥರ ಆಗಿದೆ” ಎಂದು ಬರುವವರಿಗೆ ಕೊರತೆಯಿಲ್ಲ. ಎಕ್ಸ್ ಇಲ್ಲದ 7700ಕ್ಕೆ ಎಎಂಡಿ ಕೊಟ್ಟಿರುವುದೂ ಇದೇ 88 ವಾಟ್. ಎಲ್ಲ ಕೋರ್‌ಗಳೂ ದುಡಿಯುವ ಕೆಲಸದಲ್ಲಿ ಕೆಲವೇ ಶೇಕಡಾ ಕಡಿಮೆಯಾಗುತ್ತದೆ, ಗೇಮಿನಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಗೇಮಿನ ಬಿಸಿ ಹೆಚ್ಚೇನೂ ಇಳಿಯದು ಎಂಬುದನ್ನು ಗಮನಿಸಿ. ಗೇಮ್ ಹೇಗೂ ಹೆಚ್ಚುಕಡಿಮೆ 88ರ ಒಳಗೇ ಇತ್ತಲ್ಲ! ಅಲ್ಲಿ ಬಿಸಿ ಹುಟ್ಟುವುದು ಎರಡು ಮೂರು ಕೋರ್‌ಗಳನ್ನು 5.4 ಗಿಗಾಹರ್ಟ್ಜ್‌ಗೆ ಏರಿಸಲು ಚಿಪ್ ಕೇಳುವ ವೋಲ್ಟೇಜಿನಿಂದ. ಅದಕ್ಕೆ ಇನ್ನೆರಡು ಕೆಲಸ ಮಾಡಿ.

ಅದೇ ಮೆನುವಿನಲ್ಲಿ ಬೂಸ್ಟ್ ಕ್ಲಾಕ್ ಓವರ್‌ರೈಡ್ ಇದೆ. ನೆಗೆಟಿವ್ ಆರಿಸಿ 200 ಹಾಕಿ. ಗರಿಷ್ಠ ವೇಗ 200 ಮೆಗಾಹರ್ಟ್ಜ್ ಕೆಳಗೇ ನಿಲ್ಲುತ್ತದೆ. ಮೇಲ್ತುದಿಯ ಆ 200 ಮೆಗಾಹರ್ಟ್ಜ್‌ಗೆ ಚಿಪ್ ಕೊಡುವ ಬೆಲೆ ಬಹಳ ದುಬಾರಿ. 4070 ಇಟ್ಟುಕೊಂಡು 1440ಪಿಯಲ್ಲಿ ಆಡುವವರಿಗೆ ಅದರಿಂದ ಫ್ರೇಮ್ ಬರುವುದೂ ಇಲ್ಲ.

ಎರಡನೆಯದು ಕರ್ವ್ ಆಪ್ಟಿಮೈಜರ್, ಚಿಪ್ ಕೇಳುವ ವೋಲ್ಟೇಜನ್ನು ಇಳಿಸುವ ಸೆಟ್ಟಿಂಗ್. ಆಲ್ ಕೋರ್ಸ್, ನೆಗೆಟಿವ್, 15ರಿಂದ ಶುರು ಮಾಡಿ. ಒಂದೊಂದು ಹೆಜ್ಜೆಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ನೇರವಾಗಿ 30 ಹಾಕಿ ಸಿನಿಬೆಂಚ್ ಪರೀಕ್ಷೆ ಒಮ್ಮೆ ಓಡಿಸಿ “ಗಟ್ಟಿ ಇದೆ” ಅನ್ನಬೇಡಿ. ಈ ಸೆಟ್ಟಿಂಗ್ ಕೈಕೊಡುವುದು ಪೂರ್ತಿ ಲೋಡಿನಲ್ಲಲ್ಲ, ಬ್ರೌಸರ್ ತೆರೆದು ಸುಮ್ಮನೆ ಕೂತಾಗ, ಒಂದೇ ಕೋರ್ ತಟ್ಟನೆ ಮೇಲೆದ್ದ ಕ್ಷಣದಲ್ಲಿ. ಪರದೆ ಕಪ್ಪಾಗಿ ತಾನೇ ರೀಸ್ಟಾರ್ಟ್ ಆಗುತ್ತದೆ. ಈವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್‌ನ ದೋಷಗಳ ದಾಖಲೆ) ಡಬ್ಲ್ಯುಎಚ್‌ಇಎ-ಲಾಗರ್ 18 ಎಂದು ಬಿದ್ದಿದ್ದರೆ ಅದೇ. ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ಅನ್ನು ರಾತ್ರಿಯಿಡೀ ಓಡಲು ಬಿಡಿ, ಯಾವ ಕೋರ್ ಸೋಲುತ್ತದೋ ಅದಕ್ಕೊಂದಕ್ಕೆ 5 ಹೆಜ್ಜೆ ಹಿಂದೆ ಬನ್ನಿ.

ಕೊನೆಗೆ ಎಸ್‌ಒಸಿ ವೋಲ್ಟೇಜ್, ಚಿಪ್ಪಿನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗದ್ದು. ರ್ಯಾಮ್ ವೇಗದ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಿದೊಡನೆ ಹಲವು ಬೋರ್ಡುಗಳು ಇದನ್ನು 1.25ಕ್ಕೆ ಒಯ್ಯುತ್ತವೆ. 6000ರ ಎರಡು ಪಟ್ಟಿಗೆ ಸಾಮಾನ್ಯವಾಗಿ 1.15ರಿಂದ 1.20 ಸಾಕು. ಐಡಲ್‌ನಲ್ಲಿ, ಅಂದರೆ ಸುಮ್ಮನಿದ್ದಾಗ, ಒಂದೆರಡು ಡಿಗ್ರಿ ಇದರಿಂದಲೇ ಸಿಗುತ್ತದೆ. ಇಳಿಸಿದ ಮೇಲೆ ಮೆಮ್‌ಟೆಸ್ಟ್ ಒಂದು ಸುತ್ತು ಆಗಲೇಬೇಕು.

ಅಂದಹಾಗೆ 40 ಡಿಗ್ರಿ ರೂಮಿನಲ್ಲಿ ಐಡಲ್ 56 ಅಂದರೆ ಬೇಸರಪಡುವಂಥದ್ದೇನೂ ಇಲ್ಲ. ಎಂಟು ಕೋರ್‌ಗಳಿರುವ ಸಿಲಿಕಾನ್ ತುಂಡು ಸುಮಾರು 70 ಚದರ ಮಿಲಿಮೀಟರ್ ಅಷ್ಟೇ, ಕಿರುಬೆರಳಿನ ಉಗುರಿಗಿಂತ ಕಡಿಮೆ. ಅದರ ಮೇಲೆ ದಪ್ಪ ಮುಚ್ಚಳ. ಅಂತರ್ಜಾಲದಲ್ಲಿ ನೀವು ನೋಡುವ ಪರೀಕ್ಷೆಗಳು 20–25 ಡಿಗ್ರಿ ಕೋಣೆಯವು. ವಾಟ್ ಮತ್ತು ಫ್ಯಾನ್ ವೇಗ ಅಷ್ಟೇ ಇದ್ದರೆ ರೂಮು 1 ಡಿಗ್ರಿ ಏರಿದಾಗ ಚಿಪ್ಪೂ ಹೆಚ್ಚುಕಡಿಮೆ 1 ಡಿಗ್ರಿ ಏರುತ್ತದೆ. ಅಲ್ಲಿನ 78 ನಿಮ್ಮಲ್ಲಿ 93 ಆಗುತ್ತದೆ. ಆದ್ದರಿಂದ ಇನ್ನು ಮೇಲೆ ಬರೀ “ಸಿಪಿಯು 90” ಎಂದು ಬರೆಯಬೇಡಿ, “ರೂಮಿಗಿಂತ 50 ಹೆಚ್ಚು” ಎಂದು ಬರೆಯಿರಿ. ಆಗ ಏಪ್ರಿಲ್‌ನ ಅಳತೆಯನ್ನು ಡಿಸೆಂಬರಿನದಕ್ಕೆ ಹೋಲಿಸಬಹುದು.

ತೆಳುಫ್ಯಾನ್:

ಗಾಳಿ ವಿಷಯ ನನ್ನ ಪಾಲಿಗೆ ಬಂತಾ, ಸರಿ.

ಟೆರ್ರಾದಲ್ಲಿ ಸ್ಪೈನ್ ಸರಿಸಿದಾಗ ಕಾರ್ಡಿನ ಕಡೆ 43ರಿಂದ 72 ಮಿಮೀ, ಕೂಲರ್ ಕಡೆ 77ರಿಂದ 48 ಮಿಮೀ ಸಿಗುತ್ತೆ. ಕೂಡಿಸಿ ನೋಡಿ, ಯಾವಾಗಲೂ 120. ನಿಮ್ಮ ಕಾರ್ಡು 40, ಕೂಲರ್ 47. ಒಟ್ಟು 87. ಉಳಿದ 33 ಮಿಮೀ ಖಾಲಿ ಬಿದ್ದಿದೆ, ಮಧ್ಯಕ್ಕೆ ಇಟ್ಟಿರೋದ್ರಿಂದ ಕೂಲರ್ ಫ್ಯಾನಿಗೂ ಪ್ಯಾನೆಲ್‌ಗೂ ನಡುವೆ 13ರ ಆಸುಪಾಸು, ಕಾರ್ಡಿನ ಕಡೆ 20.

ದೊಡ್ಡ ಕೇಸಿನಲ್ಲಿ ಖಾಲಿ ಜಾಗ ಅಂದ್ರೆ ಒಳ್ಳೇದು. ಇಲ್ಲಿ ಅದೇ ಶತ್ರು. ಫ್ಯಾನ್ ಕೆಳಮುಖವಾಗಿ ಬೋರ್ಡಿನ ಮೇಲೆ ಊದುತ್ತೆ, ಗಾಳಿ ಬಿಸಿಯಾಗಿ ಫಿನ್‌ಗಳ ಅಂಚಿನಿಂದ ಸುತ್ತಲೂ ಹೊರಡುತ್ತೆ. ಹೊರಗಿನ ತೂತುಗಳ ಮೂಲಕ ಹೊಸ ಗಾಳಿ ಎಳೆಯೋದಕ್ಕಿಂತ ಪಕ್ಕದ ಆ 13 ಮಿಮೀ ಸಂದಿಯಿಂದ ಅದೇ ಬಿಸಿಗಾಳಿಯನ್ನು ವಾಪಸ್ ಎಳೆದುಕೊಳ್ಳೋದು ಫ್ಯಾನಿಗೆ ಸುಲಭ. ಪ್ಯಾನೆಲ್ ತೆಗೆದಾಗ 9 ಡಿಗ್ರಿ ಇಳೀತು ಅಂದ್ರಲ್ಲ, ಇದೇ ಕಾರಣ.

ನೋಡಬೇಕು ಅಂದ್ರೆ ಒಂದು ಅಗರಬತ್ತಿ ಸಾಕು. ಗೇಮ್ ಹತ್ತು ನಿಮಿಷ ಓಡಿಸಿ, ಫ್ಯಾನ್ ಜೋರಾಗಿದ್ದಾಗ ಸಿಪಿಯು ಕಡೆ ಪ್ಯಾನೆಲ್ ಹೊರಗೆ ಒಂದು ಅಂಗುಲ ದೂರದಲ್ಲಿ ಹೊಗೆ ಹಿಡಿಯಿರಿ. ಫ್ಯಾನಿನ ಎದುರಿಗೆ ಹೊಗೆ ದಾರ ಎಳೆದ ಹಾಗೆ ನೇರ ಒಳಗೆ ಹೋಗಬೇಕು. ನಿಮ್ಮದರಲ್ಲಿ ನಡುವೆ ಸ್ವಲ್ಪ ಒಳಗೆ ಹೋಗಿ, ಅಂಚಿನ ತೂತುಗಳಲ್ಲಿ ವಾಪಸ್ ಹೊರಗೆ ತಳ್ಳಿದ ಹಾಗೆ ಚದುರುತ್ತೆ, ಬೇಕಾದ್ರೆ ಪಂಥ ಕಟ್ತೀನಿ. ಒಂದೆರಡು ಸೆಕೆಂಡ್ ಮಾತ್ರ ಹಿಡಿಯಿರಿ, ಬೂದಿ ಒಳಗೆ ಬೀಳದಿರಲಿ, ಮನೆಯ ಸೀಲಿಂಗ್ ಫ್ಯಾನ್ ಆಫ್ ಇರಲಿ.

ಖರ್ಚಿಲ್ಲದ ದಾರಿ: ಫೋಮ್ ಚೌಕಟ್ಟು. ಸ್ಟೇಷನರಿ ಅಂಗಡಿಯಲ್ಲಿ ಇವಿಎ ಫೋಮ್ ಶೀಟ್ ಸಿಗುತ್ತೆ. ಇಲ್ಲಾಂದ್ರೆ ಬಾಗಿಲು ಸಂದಿಗೆ ಅಂಟಿಸೋ ಮೆತ್ತನೆ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಹೊರ ಅಳತೆ 92×92, ಒಳಗೆ 86 ಮಿಮೀ ವೃತ್ತ ಕತ್ತರಿಸಿ. ಅಂದ್ರೆ ಫ್ಯಾನಿನ ರೆಕ್ಕೆ ಮೇಲೆ ಫೋಮ್ ಬರಬಾರದು, ಚೌಕಟ್ಟಿನ ಮೇಲೆ ಮಾತ್ರ ಕೂರಬೇಕು. ಸಂದಿ 13 ಇದ್ರೆ ಫೋಮ್ 14–15 ದಪ್ಪಕ್ಕೆ ಪದರ ಸೇರಿಸಿ, ಪ್ಯಾನೆಲ್ ಹಾಕಿದಾಗ ಒಂದೆರಡು ಮಿಮೀ ಅದುಮಿಕೊಂಡು ಸಂದಿ ಮುಚ್ಚುತ್ತೆ. ಗಟ್ಟಿ ಫೋಮ್ ಬೇಡ. ಪ್ಯಾನೆಲ್ ಒತ್ತಿ ಫ್ಯಾನ್ ಚೌಕಟ್ಟು ಸೊಟ್ಟಗಾದ್ರೆ ರೆಕ್ಕೆ ತಾಗಿ ಟಿಕ್‌ಟಿಕ್ ಸದ್ದು ಶುರುವಾಗುತ್ತೆ. ಥರ್ಮೋಕೋಲ್ ಬೇಡವೇ ಬೇಡ, ಉದುರುತ್ತೆ.

“ಹಂಗಾದ್ರೆ ಸ್ಪೈನ್ ಸರಿಸಿ ಕೂಲರನ್ನೇ ಪ್ಯಾನೆಲ್‌ಗೆ ಅಂಟಿಸಿಬಿಡ್ತೀನಿ” ಅನ್ನೋ ಆಸೆ ಬರುತ್ತೆ. ಕೂಲರ್ ಕಡೆ 48 ಇಟ್ರೆ ಸಿಪಿಯು ಏನೋ ಖುಷಿಯಾಗುತ್ತೆ, ಕಾರ್ಡಿನ ಕಡೆ 32 ಮಿಮೀ ಅಂಗಳ ಬಿದ್ದು ಅದೇ ರೋಗ ಅಲ್ಲಿಗೆ ಹೋಗುತ್ತೆ. ಕಾರ್ಡು ಸಿಪಿಯುಗಿಂತ ಎರಡು ಪಟ್ಟು ವಾಟ್ ಕಾರುತ್ತೆ, ಮರೀಬೇಡಿ.

ಖರ್ಚಿನ ದಾರಿ, ನನ್ನ ಪ್ರಕಾರ ಸರಿಯಾದ ದಾರಿ: ಆ 33 ಮಿಮೀಯನ್ನು ಲೋಹದಿಂದ ತುಂಬಿಸಿ. ಎಎಕ್ಸ್‌ಪಿ120-ಎಕ್ಸ್67 ಹಾಕಿದ್ರೆ 67 ಮಿಮೀ ಎತ್ತರ, 120 ಮಿಮೀ ಫ್ಯಾನು. ಸ್ಪೈನನ್ನು ಕಾರ್ಡಿನ ಕಡೆ 48, ಕೂಲರ್ ಕಡೆ 72ರ ಹತ್ತಿರ ನಿಲ್ಲಿಸಿ. ಕಾರ್ಡಿಗೆ 8, ಕೂಲರ್‌ಗೆ 5 ಮಿಮೀ ಉಳೀತು. ಎರಡೂ ಕಡೆ ಫ್ಯಾನು ಪ್ಯಾನೆಲ್ ಪಕ್ಕದಲ್ಲೇ. ನೊಕ್ಟುವಾ ಬೇಕಂದ್ರೆ ಎನ್‌ಎಚ್-ಎಲ್12ಎಸ್ 70 ಮಿಮೀ. ಅದರಲ್ಲಿ ಫ್ಯಾನು ಫಿನ್‌ಗಳ ಕೆಳಗಿರುತ್ತೆ, ಹಾಗಾಗಿ ಮೇಲೆ ಹೇಳಿದ ಚೌಕಟ್ಟಿನ ಉಪಾಯ ಅದಕ್ಕೆ ಅಷ್ಟು ಕೂಡಿ ಬರಲ್ಲ. 120ರ ಕೂಲರ್‌ಗಳೆಲ್ಲ ರ್ಯಾಮ್ ಮೇಲೆ ಚಾಚುತ್ತವೆ. ಗಿಡ್ಡ ಪಟ್ಟಿ ಇದೆ ಅಂದ್ರಿ, ಒಳ್ಳೇದಾಯ್ತು. ಆದ್ರೂ ತಗೊಳ್ಳೋ ಮುಂಚೆ ಬೋರ್ಡಿನ ಹಿಂಬದಿ ಪೋರ್ಟುಗಳ ಪಕ್ಕದ ವಿಆರ್‌ಎಂ (ಸಿಪಿಯುಗೆ ಕರೆಂಟ್ ಕೊಡೋ ಭಾಗ) ಹೀಟ್‌ಸಿಂಕ್ ಎತ್ತರ ಸ್ಕೇಲ್ ಇಟ್ಟು ಅಳೆದುಬಿಡಿ. ಮಿನಿ-ಐಟಿಎಕ್ಸ್ ಬೋರ್ಡು 170×170 ಮಿಮೀ ಅಷ್ಟೇ, ತಯಾರಕರು ಎಲ್ಲವನ್ನೂ ಮೇಲಕ್ಕೆ ಪೇರಿಸಿರ್ತಾರೆ.

ಪ್ಯಾನೆಲ್‌ಗೆ ಫ್ಯಾನು ಪೂರ್ತಿ ತಾಗಿದ ಹಾಗಿದ್ರೂ ತೊಂದರೆ. ತೂತಿನ ತಗಡಿಗೆ 1–2 ಮಿಮೀಯಲ್ಲಿ ರೆಕ್ಕೆ ತಿರುಗಿದ್ರೆ ಜೇನುಹುಳದ ಥರ ಗುಂಯ್ ಅನ್ನುತ್ತೆ. 4–5 ಮಿಮೀ ಬಿಟ್ಟು ಸುತ್ತ ಫೋಮ್ ಕಟ್ಟಿ, ಸದ್ದೂ ಹೋಗುತ್ತೆ, ಬಿಸಿಗಾಳಿ ವಾಪಸ್ ಬರೋದೂ ನಿಲ್ಲುತ್ತೆ.

ಪಡುಗಾಳಿ:

ಮೇಲಿನವರು ಹೇಳಿದ್ದು ಸರಿಯೇ ಉಂಟು, ಆದರೆ ತಳದ ಫ್ಯಾನಿನ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ ಮಾರಾಯ್ರೆ.

ಅದನ್ನು ತಿರುಗಿಸಿ, ಹೊರಗೆ ಎಳೆಯುವ ಹಾಗೆ ಹಾಕಿ. ಸಿಪಿಯು ಕೂಲರೂ ಕಾರ್ಡೂ ತಮಗೆ ಬೇಕಾದ ತಣ್ಣನೆ ಗಾಳಿಯನ್ನು ಪಕ್ಕದ ಪ್ಯಾನೆಲ್‌ನಿಂದ ತಾವೇ ಎಳೆದುಕೊಳ್ತವೆ. ಒಳಗೆ ಬರುವ ಗಾಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಬಿಸಿಗಾಳಿ ಹೊರಗೆ ಹೋಗುವುದಕ್ಕೆ.

ಒಂದು ಸಣ್ಣ ಲೆಕ್ಕ ಇದೆ: ಗಾಳಿ ಎಷ್ಟು ಡಿಗ್ರಿ ಬಿಸಿಯಾಗ್ತದೆ ಅಂದರೆ ವಾಟನ್ನು 1.8ರಿಂದ ಗುಣಿಸಿ ಸಿಎಫ್‌ಎಂನಿಂದ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಭಾಗಿಸಿ. ನಿಮ್ಮ ಪೆಟ್ಟಿಗೆಯಲ್ಲಿ ಸಿಪಿಯು, ಕಾರ್ಡು, ಉಳಿದದ್ದು ಸೇರಿ ಗೇಮಿನಲ್ಲಿ 310 ವಾಟ್ ಅಂತ ಹಿಡಿಯಿರಿ. ನಿಜವಾಗಿ ದಾಟಿಹೋಗುವ ಗಾಳಿ 40 ಸಿಎಫ್‌ಎಂ ಆದರೆ 14 ಡಿಗ್ರಿ ಏರಿಕೆ. ರೂಮು 40, ಅಂದರೆ ಹೊರಗೆ ಬರುವ ಗಾಳಿ 54. ಅದೇ ವಾಟ್ 240ಕ್ಕೆ ಇಳಿದರೆ 11 ಡಿಗ್ರಿಗೂ ಕಡಿಮೆ. ವಾಟ್ ಇಳಿಸಿ ಅಂತ ಎಲ್ಲರೂ ಬಾಯಿಬಡ್ಕೊಳ್ಳುವುದು ಇದಕ್ಕೇ. ಫ್ಯಾನಿನ ಡಬ್ಬಿ ಮೇಲೆ 55 ಸಿಎಫ್‌ಎಂ ಅಂತ ಬರೆದದ್ದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಸಂಖ್ಯೆ. ತೂತಿನ ತಗಡು, ಕೇಬಲ್ಲು, ಧೂಳಿನ ಜಾಲರಿ ಬಂದ ಮೇಲೆ ಅದರ ಅರ್ಧ ಸಿಕ್ಕಿದರೆ ಪುಣ್ಯ.

“ಬಿಸಿಗಾಳಿ ಮೇಲೆ ಹೋಗ್ತದೆ, ತಳದಿಂದ ಎಳೆದರೆ ಪ್ರಕೃತಿಗೆ ವಿರುದ್ಧ” ಅಂತ ಹೇಳುವವರು ಬರ್ತಾರೆ. ಒಂದಡಿ ಎತ್ತರವೂ ಇಲ್ಲದ ಪೆಟ್ಟಿಗೆಯಲ್ಲಿ ಆ ಏರುವ ಬಲ ಎಂತದೂ ಇಲ್ಲ, ಸಾವಿರ ಆರ್‌ಪಿಎಂ ಫ್ಯಾನಿನ ಎದುರು ಅದು ಲೆಕ್ಕಕ್ಕೇ ಬರುವುದಿಲ್ಲ.

ತೆಳುಫ್ಯಾನ್:

@ಪಡುಗಾಳಿ, ತತ್ವ ಒಪ್ಪಿದೆ. ಆದ್ರೆ ತಳ ಅಂದ್ರೆ ಟೇಬಲ್. ಪಾದಗಳ ಎತ್ತರ ಕಮ್ಮಿ ಇರೋದ್ರಿಂದ ಕೆಳಗೆ ಬಿಟ್ಟ 54 ಡಿಗ್ರಿ ಗಾಳಿ ಟೇಬಲ್‌ಗೆ ಬಡಿದು ಪಕ್ಕಕ್ಕೆ ಹರಡಿ, ಅದೇ ಪಕ್ಕದ ಪ್ಯಾನೆಲ್ ಮುಂದೆ ಮೇಲೇಳುತ್ತೆ. ಕೂಲರ್ ಅದನ್ನೇ ಕುಡಿಯುತ್ತೆ. ಹೊರಗೆ ಎಳೆಯೋ ಹಾಗೆ ಹಾಕೋದಾದ್ರೆ ಕೇಸನ್ನು 25–30 ಮಿಮೀ ಎತ್ತರಿಸಿ, ನಾಲ್ಕು ರಬ್ಬರ್ ಬುಷ್ ಸಾಕು.

ಇದನ್ನು ವಾದದಲ್ಲಿ ತೀರಿಸೋಕಾಗಲ್ಲ, ಕಾರ್ಡಿಂದ ಕಾರ್ಡಿಗೆ ಬದಲಾಗುತ್ತೆ. ಫಿನ್‌ಗಳು ಉದ್ದಕ್ಕೆ ಇದ್ರೆ ಗಾಳಿ ಮುಂದೆ ಹಿಂದೆ ಹೋಗುತ್ತೆ, ಅಡ್ಡಕ್ಕೆ ಇದ್ರೆ ಮೇಲೆ ಕೆಳಗೆ ಹೋಗುತ್ತೆ. ಎರಡೂ ಥರ ಹಾಕಿ ಅಳೆಯಿರಿ. ಒಂದೇ ಗೇಮ್, ಒಂದೇ ಜಾಗ, ಫ್ರೇಮ್ ಮಿತಿ ಒಂದೇ, 20 ನಿಮಿಷ ಬಿಟ್ಟು ಕೊನೆಯ 5 ನಿಮಿಷದ ಸರಾಸರಿ, ಪಕ್ಕದಲ್ಲಿ ರೂಮಿನ ತಾಪ. ಎಲ್ಲ ಫ್ಯಾನನ್ನೂ ಒಂದೇ ಆರ್‌ಪಿಎಂಗೆ ಕಟ್ಟಿಹಾಕಿ. ಇಲ್ಲಾಂದ್ರೆ ಫ್ಯಾನ್ ವೇಗ ಏರಿಸಿಕೊಂಡು ತಾಪ ಒಂದೇ ತೋರಿಸಿ ನಿಮ್ಮನ್ನ ಯಾಮಾರಿಸುತ್ತೆ.

ಬೆನ್ನಿನಸ್ಲಾಟ್:

ಕಾರ್ಡು ಮತ್ತು ಎಸ್‌ಎಸ್‌ಡಿ ಬಗ್ಗೆ ಹೇಳಿಬಿಡ್ತೀನಿ.

4070ರ ಮಿತಿ 200 ವಾಟ್. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ತಂತ್ರಾಂಶ ತೆರೆದು ಕಂಟ್ರೋಲ್ ಜೊತೆ ಎಫ್ ಒತ್ತಿ, ವೋಲ್ಟೇಜ್ ಗ್ರಾಫ್ ಬರುತ್ತದೆ. ಮುಖ್ಯ ಪರದೆಯಲ್ಲಿ ಕೋರ್ ಕ್ಲಾಕ್ ಮೈನಸ್ 250 ಹಾಕಿ ಅಪ್ಲೈ ಮಾಡಿ, ಇಡೀ ಗೆರೆ ಕೆಳಗಿಳಿಯುತ್ತದೆ. ಈಗ ಗ್ರಾಫಿನಲ್ಲಿ 950 ಮಿಲಿವೋಲ್ಟ್ ಚುಕ್ಕೆಯನ್ನು ಮಾತ್ರ ಹಿಡಿದು 2550ಕ್ಕೆ ಎತ್ತಿ. ಮತ್ತೆ ಅಪ್ಲೈ. ಬಲಗಡೆಯ ಚುಕ್ಕೆಗಳೆಲ್ಲ ತಾವೇ ಮಟ್ಟಸ ಆಗುತ್ತವೆ. ಕಾರ್ಡು ಇನ್ನು 950ರ ಮೇಲೆ ಹೋಗುವುದಿಲ್ಲ. ಸಾಮಾನ್ಯವಾಗಿ 30–40 ವಾಟ್ ಉಳಿಯುತ್ತದೆ, ಫ್ರೇಮಿನಲ್ಲಿ ಇಳಿತ ಅತ್ಯಲ್ಪ. ಪರೀಕ್ಷೆಗೆ ಫರ್‌ಮಾರ್ಕ್ ನಂಬಬೇಡಿ, ಅದರಲ್ಲಿ ಕಾರ್ಡು ವಾಟ್ ಮಿತಿಗೆ ಸಿಕ್ಕಿ ವೇಗ ಇಳಿಸಿಕೊಂಡೇ ಓಡುತ್ತದೆ. ರೇ ಟ್ರೇಸಿಂಗ್ ಇರುವ ಗೇಮ್ ಅರ್ಧ ಗಂಟೆ ಆಡಿ. ಗೇಮ್ ತಾನಾಗಿ ಮುಚ್ಚಿಕೊಂಡರೆ 2550 ಅನ್ನು 2505ಕ್ಕೆ ಇಳಿಸಿ. 60 ಅಥವಾ 75 ಹರ್ಟ್ಜ್ ಮಾನಿಟರ್ ಆದರೆ ಫ್ರೇಮ್ ಮಿತಿಯನ್ನೂ ಹಾಕಿ, ಅದಕ್ಕಿಂತ ದೊಡ್ಡ ಉಳಿತಾಯ ಯಾವುದೂ ಇಲ್ಲ.

ಬೆನ್ನಿನ ಎಂ.2. ಸ್ಯಾಂಡ್‌ವಿಚ್ ಕೇಸಿನಲ್ಲಿ ಬೋರ್ಡಿನ ಬೆನ್ನು ಸ್ಪೈನ್ ಕಡೆ, ಸ್ಪೈನಿನ ಆಚೆ ಕಾರ್ಡಿನ ಬ್ಯಾಕ್‌ಪ್ಲೇಟು. ಎರಡು ಬಿಸಿ ಗೋಡೆಗಳ ನಡುವೆ, ಗಾಳಿಯಾಡದ ಜಾಗದಲ್ಲಿ ನಿಮ್ಮ ಡ್ರೈವ್ ಕೂತಿದೆ. ವಿಂಡೋಸ್ ಮತ್ತು ಗೇಮ್ ಇರುವ ಜೋರು ಡ್ರೈವನ್ನು ಮುಂದಿನ ಸ್ಲಾಟಿಗೆ ತನ್ನಿ. ಅಲ್ಲಿ ಹೀಟ್‌ಸಿಂಕ್ ಇದೆ, ಕೂಲರಿನ ಗಾಳಿಯೂ ಬೀಳುತ್ತದೆ. ಹಿಂದೆ ಫೋಟೊ, ಬ್ಯಾಕಪ್ ಥರದ ಸುಮ್ಮನೆ ಬಿದ್ದಿರುವ ಕೆಲಸದ ಡ್ರೈವ್ ಇರಲಿ. ಬೆನ್ನಿನ ಡ್ರೈವಿಗೂ ಸ್ಪೈನ್ ತಗಡಿಗೂ ಎಷ್ಟು ಸಂದಿ ಇದೆ ಎಂದು ಮೆತ್ತನೆ ಗೋಧಿ ಹಿಟ್ಟಿನ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅದುಮಿ ನೋಡಿ. ಚಪ್ಪಟೆಯಾದ ದಪ್ಪವೇ ಸಂದಿ. ಅದಕ್ಕಿಂತ ಅರ್ಧ ಮಿಮೀ ಹೆಚ್ಚು ದಪ್ಪದ ಥರ್ಮಲ್ ಪ್ಯಾಡ್ ಇಟ್ಟರೆ ತಗಡೇ ಹೀಟ್‌ಸಿಂಕ್ ಆಗುತ್ತದೆ. ಬಲವಂತಕ್ಕೆ ದಪ್ಪ ಪ್ಯಾಡ್ ತುರುಕಿದರೆ ಡ್ರೈವ್ ಬಾಗುತ್ತದೆ, ಜೋಕೆ.

ಸಿಪಿಯುಗೂ ಕೂಲರ್‌ಗೂ ನಡುವಿನ ಪೇಸ್ಟ್: ಈ ತಾಪದಲ್ಲಿ ತೆಳು ಪೇಸ್ಟ್ ಕೆಲವು ತಿಂಗಳಲ್ಲಿ ಅಂಚಿಗೆ ಸರಿದುಬಿಡುತ್ತದೆ. ಅದರ ಬದಲು ಪಿಟಿಎಂ7950 ಹಾಳೆ ಒಳ್ಳೆಯದು, 45 ಡಿಗ್ರಿ ಸುಮಾರಿಗೆ ಮೆತ್ತಗಾಗಿ ತಾನೇ ಹರಡುತ್ತದೆ. ನಿಮ್ಮೂರಿನಲ್ಲಿ ಮಧ್ಯಾಹ್ನ ಹಚ್ಚಲು ಹೋದರೆ ಕೈಯಲ್ಲೇ ಬೆಣ್ಣೆಯಾಗುತ್ತದೆ. ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, ಒಂದು ಮೂಲೆಯಿಂದ ಹಾಳೆ ಬಿಡಿಸಿ. ಸ್ಕ್ರೂಗಳನ್ನು ಕರ್ಣಕ್ಕೆ ಅರ್ಧರ್ಧ ಸುತ್ತು ಬಿಗಿಯಿರಿ. ಮೊದಲ ಕೆಲವು ಸಲ ಬಿಸಿಯಾಗಿ ಆರಿದ ಮೇಲೆಯೇ ಅದರ ನಿಜವಾದ ಸಂಖ್ಯೆ ಬರುವುದು, ಮೊದಲ ದಿನವೇ ತೀರ್ಪು ಕೊಡಬೇಡಿ.

ಫ್ಯಾನಿನ ಗೆರೆಯೂ ಸರಿಯಾಗಬೇಕು. ಈ ಪೀಳಿಗೆಯ ರೈಜೆನ್ ಚಿಪ್ಪು ಒಂದು ಟ್ಯಾಬ್ ತೆರೆದರೂ 15 ಡಿಗ್ರಿ ಜಿಗಿದು ಬೀಳುತ್ತದೆ. ಬಯಾಸ್‌ನಲ್ಲಿ ಫ್ಯಾನ್ ಏರುವುದಕ್ಕೆ 3 ಸೆಕೆಂಡ್ ತಡ, ಇಳಿಯುವುದಕ್ಕೆ ಇನ್ನೂ ಹೆಚ್ಚು ತಡ ಕೊಡಿ. 70 ಡಿಗ್ರಿವರೆಗೆ 45 ಶೇಕಡಾದಲ್ಲಿ ನೇರ ಗೆರೆ, ಆಮೇಲೆ 90ಕ್ಕೆ 85 ಶೇಕಡಾ. ಪೂರ್ತಿ ನೂರರಲ್ಲಿ ಸಿಗುವುದು ಒಂದೆರಡು ಡಿಗ್ರಿ, ಸದ್ದು ಮಾತ್ರ ಅಸಹ್ಯ.

ಬಿಸಿಲೂರಾವ:

ಎಲ್ಲಾರಿಗೂ ಭಾಳ ಉಪಕಾರ ಆತು. ಕೂಲರ್ ಇನ್ನೂ ಬದಲಿ ಮಾಡಿಲ್ಲ. ಪಿಪಿಟಿ 88, ಬೂಸ್ಟ್ ಮೈನಸ್ 200, ಕರ್ವ್ ಮೈನಸ್ 15, ಕಾರ್ಡು 950 ಮಿಲಿವೋಲ್ಟ್, ಸ್ಪೈನ್ ಸರಿಸಿ ಕಾರ್ಡಿನ ಕಡಿ ಸಂದಿ ಕಮ್ಮಿ ಮಾಡಿ, ಸಿಪಿಯು ಕಡಿ ಉಳಿದಿದ್ದಕ್ಕ ಫೋಮ್ ಕಟ್ಟೀನಿ. ಅಗರಬತ್ತಿ ಹೊಗಿ ಮೊದಲು ಖರೇನ ಅಂಚಿನಾಗ ವಾಪಸ್ ಬರ್ತಿತ್ತು, ಈಗ ಸೀದಾ ಒಳಗ ಹೋಗ್ತದ. ರೂಮು 39 ಇದ್ದಾಗ ಗೇಮಿನಾಗ ಸಿಪಿಯು 82, ಅಂದ್ರ ರೂಮಿಗಿಂತ 43 ಹೆಚ್ಚು. ಕಾರ್ಡು 73. ತಳದ ಫ್ಯಾನ್ ಇನ್ನೂ ತಿರುವಿ ನೋಡಿಲ್ಲ.

ಹೊಸಾ ತ್ರಾಸ ಒಂದು ಬಂದದ. ಸ್ಪೈನ್ ಸರಿಸಿದ ಮ್ಯಾಲೆ ಗೇಮ್ ನಡುವ ಒಮ್ಮೊಮ್ಮೆ ಒಂದು ಸೆಕೆಂಡು ತಡೀತದ, ಎರಡು ಸಲ ಪರದೆ ಕಪ್ಪಾತು, ಫ್ಯಾನು ಓಡ್ತಾನೇ ಇತ್ತು. ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸಿದ್ದು) ತಗದು ನೋಡಿದೆ, ಆದ್ರೂ ಹಂಗೇ. ಇನ್ನೊಂದು ಮಾತು: ರೂಮಿನಾಗ ನೀರಿನ ಏರ್ ಕೂಲರ್ ಅದ. ಅದರ ಗಾಳಿ ನೇರ ಕೇಸಿಗೆ ಬಿಟ್ರ ನಡೀತದೇನು?

ವಾಟ್_ಲೆಕ್ಕ:

ಅಂಡರ್‌ವೋಲ್ಟ್ ತೆಗೆದರೂ ಹಾಗೇ ಇದೆ, ಸ್ಪೈನ್ ಸರಿಸಿದ ಮೇಲೆ ಶುರುವಾಯಿತು ಅಂದರೆ ಮೊದಲ ಅನುಮಾನ ರೈಸರ್ ಕೇಬಲ್ ಮೇಲೆ, ಅಂದರೆ ಬೋರ್ಡಿನಿಂದ ಕಾರ್ಡಿಗೆ ಹೋಗುವ ಪಟ್ಟಿ ಕೇಬಲ್ ಮೇಲೆ. ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ 17 ಸಾಲುಸಾಲಾಗಿ ಬಿದ್ದಿದೆಯೇ ನೋಡಿ. 18 ಅಲ್ಲ, 17. ಅದು ಪಿಸಿಐಇ ತಂತಿಯಲ್ಲಿ, ಅಂದರೆ ಕಾರ್ಡಿನ ಸಂಪರ್ಕದಲ್ಲಿ, ಆದ, ಸರಿಪಡಿಸಿಕೊಂಡ ತಪ್ಪುಗಳ ಲೆಕ್ಕ. ಬಯಾಸ್‌ನಲ್ಲಿ ಮೊದಲ ಸ್ಲಾಟಿನ ವೇಗವನ್ನು ಆಟೋ ಬಿಟ್ಟು ಜೆನ್ 3 (ಪಿಸಿಐಇಯ ಮೂರನೇ ಪೀಳಿಗೆ) ಮಾಡಿ ಒಂದು ಗಂಟೆ ಆಡಿ. ತೊಂದರೆ ಮಾಯವಾದರೆ ರೈಸರೇ.

ಆಮೇಲೆ ಕರೆಂಟ್ ತೆಗೆದು ರೈಸರಿನ ಎರಡೂ ತುದಿ ಬಿಚ್ಚಿ ಮತ್ತೆ ಕೂರಿಸಿ. ಬೋರ್ಡಿನ ಕಡೆಯ ಕೊಂಡಿ ಕ್ಲಿಕ್ ಎನ್ನಬೇಕು. ಸ್ಪೈನ್ ಜಾಗ ಬದಲಾದಾಗ ಕೇಬಲ್ ಮಡಿಕೆಯೂ ಬದಲಾಗುತ್ತದೆ. ಎಲ್ಲೂ ಕಾಗದ ಮಡಚಿದ ಹಾಗೆ ಚೂಪು ಮಡಿಕೆ ಇರಬಾರದು, ದುಂಡಗೆ ತಿರುಗಿರಬೇಕು. ಮುಂದೆ ಬೇರೆ ರೈಸರ್ ಕೊಳ್ಳುವುದಾದರೆ ಜೆನ್ 4 ಎಂದು ಬರೆದಿದೆಯೇ ನೋಡಿ. ಜೆನ್ 3 ರೈಸರಿಗೆ ಜೆನ್ 4 ಕಾರ್ಡು ಹಾಕಿ ಆಟೋ ಬಿಟ್ಟರೆ ಆಗುವುದೂ ಇದೇ, ಕೆಲವೊಮ್ಮೆ ಪರದೆಯೇ ಬರುವುದಿಲ್ಲ. ಹೊಸದು ಬರುವ ತನಕ ಜೆನ್ 3ರಲ್ಲೇ ಆಡಿ. 4070ಗೆ ಒಂದೆರಡು ಶೇಕಡಾಕ್ಕಿಂತ ಹೆಚ್ಚು ನಷ್ಟವಿಲ್ಲ.

ಕಾರ್ಡಿಗೆ 12ವಿಎಚ್‌ಪಿಡಬ್ಲ್ಯುಆರ್ ಎಂಬ ಪವರ್ ಕನೆಕ್ಟರ್ ಇದ್ದರೆ ಅದನ್ನೂ ಈಗಲೇ ನೋಡಿ. ಪೂರ್ತಿ ಒಳಗೆ ಕೂತಿರಬೇಕು, ಮೂತಿಯಿಂದ 35 ಮಿಮೀವರೆಗೆ ಬಾಗಿರಬಾರದು. ಪ್ಯಾನೆಲ್ ಮುಚ್ಚುವಾಗ ಅದನ್ನು ಒತ್ತುವುದು ಸಣ್ಣ ಕೇಸುಗಳಲ್ಲಿ ಮಾಮೂಲಿ ತಪ್ಪು.

ಪಡುಗಾಳಿ:

ಏರ್ ಕೂಲರ್ ವಿಷಯ: ರೂಮನ್ನು 40ರಿಂದ 33ಕ್ಕೆ ಇಳಿಸಿದರೆ ಸಿಪಿಯುಗೂ ಸುಮಾರು ಅಷ್ಟೇ ಲಾಭ, ಧಾರಾಳ ಹಾಕಿ. ತೇವಕ್ಕೆ ಹೆದರಬೇಡಿ. ಒಳಗಿನ ಬೋರ್ಡು ರೂಮಿಗಿಂತ ಬಿಸಿ ಇರುವಾಗ ಅದರ ಮೇಲೆ ನೀರು ಕಟ್ಟುವುದಿಲ್ಲ. ಆದರೆ ಕೇಸಿನ ಎದುರಿಗೇ ಇಡಬೇಡಿ ಮಾರಾಯ್ರೆ. ಪ್ಯಾಡಿನಿಂದ ಹನಿ ಹಾರ್ತದೆ, ನಿಮ್ಮಲ್ಲಿ ಬೋರ್‌ವೆಲ್ ನೀರು ಗಡಸು ಇದ್ದರೆ ಹನಿ ಒಣಗಿದಲ್ಲೆಲ್ಲ ಬಿಳಿ ಉಪ್ಪು ಕೂರ್ತದೆ. ಫಿನ್ ಮೇಲೆ ಕೂತರೆ ಗಾಳಿ ಕಟ್ತದೆ, ಬೋರ್ಡಿನ ಮೇಲೆ ಕೂತರೆ ಶಾರ್ಟ್. ಕೂಲರ್ ಗಾಳಿ ಗೋಡೆಗೆ ಬಡಿದು ಬರಲಿ, ಕಿಟಕಿ ಒಂದು ತೆರೆದಿರಲಿ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಅದೂ ತಣ್ಣಗೆ ಮಾಡುವುದನ್ನು ನಿಲ್ಲಿಸ್ತದೆ.

ಧೂಳು ನಿಮ್ಮ ಕಡೆ ಜೋರಲ್ಲವಾ. ತಿಂಗಳಿಗೊಮ್ಮೆ ಪ್ಯಾನೆಲ್ ತೆಗೆದು ಪೇಂಟ್ ಬ್ರಷ್‌ನಿಂದ ಫಿನ್ ಉಜ್ಜಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿಹಿಡಿಯಿರಿ, ಗಾಳಿಗೆ ಅಂಕೆ ಮೀರಿ ತಿರುಗಿದರೆ ಬೇರಿಂಗ್ ಹೋಗ್ತದೆ. ಪವರ್ ಸಪ್ಲೈ ಫ್ಯಾನು ಗೇಮಿನಲ್ಲಿ ತಿರುಗ್ತಾ ಉಂಟಾ ಅಂತಲೂ ಒಮ್ಮೆ ಇಣುಕಿ ನೋಡಿ. ಪವರ್ ಸಪ್ಲೈ ದಕ್ಷತೆಯ 80 ಪ್ಲಸ್ ಪರೀಕ್ಷೆ ಮಾಡುವುದು 23 ಡಿಗ್ರಿ ಸುಮಾರಿನಲ್ಲಿ, ನಿಮ್ಮ ಡಬ್ಬಿಯೊಳಗೆ ಅದು ಕುಡಿಯುವ ಗಾಳಿ 45 ದಾಟಿರ್ತದೆ. 750 ವಾಟ್ ಇರುವುದರಿಂದ ಹೊರೆ ಅರ್ಧಕ್ಕೂ ಕಡಿಮೆ, ಅದು ನಿಮ್ಮ ಅದೃಷ್ಟ.

ಬಿಸಿಲೂರಾವ:

ಲಾಗ್‌ನಾಗ 17 ನೂರಾರು ಬಿದ್ದಾವ. ಜೆನ್ 3 ಮಾಡಿ ಎರಡು ತಾಸು ಆಡೀನಿ, ಒಮ್ಮೆನೂ ತಡೀಲಿಲ್ಲ. ರೈಸರ್ ತಗದು ನೋಡಿದ್ರ ಸ್ಪೈನಿನ ಕೆಳಗ ಚೂಪಾಗಿ ಮಡಚಿತ್ತು, ಸಡಿಲು ಮಾಡಿ ಕೂಡ್ರಸೀನಿ. ರವಿವಾರ ಜೆನ್ 4ಕ್ಕ ವಾಪಸ್ ಹಾಕಿ, ತಳದ ಫ್ಯಾನ್ ತಿರುವಿ, ನಾಲ್ಕು ಬುಷ್ ಇಟ್ಟು, ಎರಡೂ ಅಳತಿ ಇಲ್ಲೇ ಹಾಕ್ತೀನಿ.